ಒಂದೂವರೆ ಕಿಲೋ ಯಾರದು

ಶುಂಠಿಯ ಸಿಪ್ಪೆಯೊಂದು ಹೆಬ್ಬೆರಳಿನ ಉಗುರಿನ ಸಂದಿಗೆ ಸಿಕ್ಕಿಕೊಂಡಿದೆ, ಎಳೆದರೆ ಬರುವುದಿಲ್ಲ, ಒತ್ತಿದರೆ ಉರಿ, ಇರಲಿ ಬಿಡು — ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಅವನು ಸಣ್ಣ ಪಾತ್ರೆಯ ಮುಚ್ಚಳ ಸರಿಸಿದ, ಹಬೆ ಮುಖಕ್ಕೆ ಬಡಿಯಿತು, ಬೆಳ್ಳುಳ್ಳಿ, ಶುಂಠಿ, ಕ್ಯಾರೆಟ್ಟು, ಹೆಸರುಬೇಳೆ, ಮೇಲೆ ಆಗಷ್ಟೇ ಕುಟ್ಟಿದ ಕಾಳುಮೆಣಸು, ಇದು ಆಸ್ಪತ್ರೆಯ ಮುನ್ನೂರು ಹಾಸಿಗೆಗಳಿಗಲ್ಲ, ಅವುಗಳ ಪಾಲಿನದು ಆಚೆ ದೊಡ್ಡ ಕೊಪ್ಪರಿಗೆಯಲ್ಲಿ ಬೇಯುತ್ತಿದೆ, ಇದು ಮನೆಯಿಂದ ಕಟ್ಟಿಕೊಂಡು ಬಂದ ಸಾಮಾನಿನಲ್ಲಿ ಒಂದೇ ಒಂದು ಬಾಯಿಗೆ ಮಾಡಿದ್ದು, ಮನೆಯಲ್ಲಿರುವ ಹೆಂಡತಿಯ ಬಾಯಿಗೆ, ಮನೆಯಲ್ಲಿರಬೇಕಾದ ಬಾಯಿಗೆ ಅನ್ನು, ಯಾಕಂದರೆ ಗೋಡೆಯ ಮೇಲೆ ಮೂರೂಕಾಲು, ಇನ್ನು ಸ್ವಲ್ಪ ಹೊತ್ತಿಗೆ ಅವಳು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದು ಕೆಳಗೆ ಗಡಿಯಾರದವನ ಅಂಗಡಿಗೆ ಹೋಗುತ್ತಾಳೆ, ಅಲ್ಲಿ ಕೂತು ತಿನ್ನುತ್ತಾಳೆ, ಗಂಡನ ಕೈಯಡುಗೆಗೆ ನಾಲ್ಕನೇ ಚಮಚಕ್ಕೇ ಸಾಕು ರೀ ಅನ್ನುವವಳು ಅಲ್ಲಿ, ಆ ಮನುಷ್ಯನ ಮುಂದೆ, ಸಾಕು ಅನ್ನುವುದಿಲ್ಲ. ಏನಣ್ಣಾ ಇವತ್ತು ಇಷ್ಟು ಬೇಗ ಹೊರಟ್ರಿ, ತರಕಾರಿ ಹೆಚ್ಚುವ ಅಕ್ಕ ಸೊಪ್ಪಿನ ರಾಶಿಯ ಹಿಂದಿನಿಂದ ತಲೆ ಎತ್ತಿದಳು, ಹೂಂ ಅಂದ ಅವನು, ಸೂಪನ್ನು ಸ್ಟೀಲಿನ ಡಬ್ಬಿಗೆ ಬಗ್ಗಿಸಿದ, ಬಿಸಿ ಬಿಸಿ ತಗೊಂಡು ಹೋಗ್ತೀನಿ, ಅಕ್ಕ ನಕ್ಕಳು, ಅತ್ತಿಗೆ ಪುಣ್ಯವಂತೆ ಬಿಡಿ, ನಮ್ಮನೆಯವನು ನಾನು ಜ್ವರದಲ್ಲಿ ನರಳ್ತಾ ಇದ್ರೆ ಸಕ್ಕರೆ ಡಬ್ಬ ಎಲ್ಲಿದೆ ಅಂತ ಎಬ್ಬಿಸಿ ಕೇಳ್ತಾನೆ. ಪುಣ್ಯವಂತೆ. ಡಬ್ಬಿಯ ಮುಚ್ಚಳ ಎಷ್ಟು ಬಿಗಿಯಾಗಿ ತಿರುಗಿಸಿದನೆಂದರೆ ಅದು ಕಿರುಗುಟ್ಟಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ತೊಡೆಯ ಮೇಲೆ ಡಬ್ಬಿ, ಅದರ ಬಿಸಿ ಪ್ಯಾಂಟಿನ ಬಟ್ಟೆ ದಾಟಿ ಬರುತ್ತಿದೆ, ಎರಡು ತಿಂಗಳ ಹಿಂದೆ ಅವಳ ಹಣೆ ಹೀಗೇ ಇತ್ತು, ಮುಟ್ಟಿದರೆ ಕೈ ಹಿಂದಕ್ಕೆ ಬರುವ ಹಾಗೆ, ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಅಂದರು, ಹತ್ತೊಂಬತ್ತು ದಿನ ತಾನು ಕೆಲಸ ಮಾಡುವ ಆಸ್ಪತ್ರೆಯ ಎರಡನೇ ಮಹಡಿಯಲ್ಲೇ ಅವಳು, ನೆಲಮಾಳಿಗೆಯ ಅಡುಗೆಮನೆಯಲ್ಲಿ ತಾನು, ಮೇಲಕ್ಕೆ ಹೋಗುವ ತಳ್ಳುಗಾಡಿಯಲ್ಲಿ ಹದಿನಾಲ್ಕನೇ ಹಾಸಿಗೆಯ ತಟ್ಟೆಯನ್ನು ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ, ಅದು ಮುಟ್ಟದೆಯೇ ಇಳಿದು ಬರುತ್ತಿತ್ತು. ಮನೆಗೆ ಕಳಿಸುವ ದಿನ ಡಾಕ್ಟರು ಹೇಳಿದ್ದು ಈಗಲೂ ಕಿವಿಯಲ್ಲಿದೆ, ಕಾಯಿಲೆ ಹೋಯ್ತು, ಆದ್ರೆ ಅದರ ಜೊತೆ ಕಾದಾಡಿ ಕಾದಾಡಿ ಮೈಯಲ್ಲಿ ಏನೂ ಉಳಿದಿಲ್ಲ, ನಲವತ್ಮೂರು ಕಿಲೋ, ಇದೇ ಸ್ಥಿತಿಯಲ್ಲಿ ಇನ್ನೊಂದು ಜ್ವರ ಬಂದ್ರೆ ನಾವು ಏನು ಮಾಡೋಕಾಗುತ್ತೋ ಗೊತ್ತಿಲ್ಲ. ಆಗ ಕೈ ಹಿಡಿದವರು ಪಥ್ಯದ ಮೇಡಂ, ಅಂದರೆ ರೋಗಿಗಳ ಊಟದ ಪಟ್ಟಿ ಬರೆದು ಅಡುಗೆಮನೆಗೆ ಕಳಿಸುವ ಮೇಡಂ, ಪುಡಿ, ಗುಳಿಗೆ, ಟಾನಿಕ್ಕು ಅಂತ ಹುಡುಕ್ಕೊಂಡು ಹೋಗ್ಬೇಡಿ, ಒಂದು ಪದಾರ್ಥ ತಿಂದ ಕೂಡ್ಲೇ ರೋಗ ತಡೆಯೋ ಶಕ್ತಿ ಬಂದ್ಬಿಡಲ್ಲ, ಬೇಳೆಕಾಳು, ಮೊಟ್ಟೆ, ಮೊಸರು, ಸೊಪ್ಪು, ಹಣ್ಣು, ದಿನಾ, ಸ್ವಲ್ಪ ಸ್ವಲ್ಪ, ಹೊತ್ತು ಹೊತ್ತಿಗೆ, ಮೇಲೆ ಒಳ್ಳೆ ನಿದ್ದೆ, ನಿಮಗೆ ನಾನೇನು ಹೇಳೋದು, ಅನ್ನ ಬೇಯಿಸೋ ಕೈ ನಿಮ್ಮದು. ಆ ಮಾತಿಗೆ ಎದೆ ಎಷ್ಟು ಉಬ್ಬಿತ್ತು. ಕಾಯಿಲೆಯಿಂದ ಎಳೆದು ತಂದದ್ದು ಡಾಕ್ಟರಾದರೆ ಆಗಲಿ, ಎಬ್ಬಿಸಿ ನಿಲ್ಲಿಸುವವನು ತಾನು, ತನ್ನ ಸೌಟು. ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಮನೆಯ ಅಡುಗೆಕಟ್ಟೆಯ ಮೇಲೆ ಅಂಟಿಸಿದ, ಮೊಸರನ್ನು ಮಾತ್ರ ಬಿಟ್ಟ, ಮೇಡಂ ಏನೇ ಹೇಳಲಿ, ಶ್ವಾಸಕೋಶ ಕೆಟ್ಟವರಿಗೆ ಮೊಸರು ಥಂಡಿ ಅಂತ ಅಮ್ಮ ಹೇಳುತ್ತಿದ್ದಳು, ಅದು ಮಾತ್ರ ತಲೆಯಿಂದ ಹೋಗುವುದಿಲ್ಲ, ಹೋಗದೆ ಇದ್ದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ ಅವಳು.

ಸಿಕ್ಕಿಬೀಳುವುದು — ಎಂಥ ಮಾತು, ಐವತ್ತೆರಡು ವರ್ಷದ ಹೆಂಗಸಿನ ಬಗ್ಗೆ, ಮಗಳ ಮದುವೆ ಮಾಡಿ ಕಳಿಸಿದವಳ ಬಗ್ಗೆ, ಮೂಳೆ ಎಣಿಸಬಹುದಾದ ಹಾಗೆ ಸೊರಗಿದವಳ ಬಗ್ಗೆ, ನಾಚಿಕೆಯಾಗಬೇಕು ಅಂದುಕೊಂಡ, ಆಗಲಿಲ್ಲ. ಮೇಲ್ದುಟಿಯ ಮೇಲೆ ಒಂದು ಬಿಳಿ ಗೆರೆ ಇತ್ತು ಅವತ್ತು. ಸಂಜೆ ಅವನು ಬಂದಾಗ ಅವಳೂ ಆಗಷ್ಟೇ ಮೇಲೆ ಬಂದು ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದಳು, ಎಲ್ಲಿಗೆ ಹೋಗಿದ್ದೆ, ಕೆಳಗೆ ರೀ, ಬಿಸಿಲಿಗೆ, ಗಡಿಯಾರದವರ ಅಂಗಡಿ ಮುಂದೆ ಒಳ್ಳೆ ಬಿಸಿಲು ಬರುತ್ತೆ, ಅನ್ನುವಾಗ ಆ ಗೆರೆ ತುಟಿಯ ಜೊತೆ ಅಲುಗಾಡಿತು, ಮೊಸರು, ಅವನಿಗೆ ನೋಡಿದ ಕೂಡಲೇ ಗೊತ್ತು, ಹಾಲು ಹೀಗೆ ಒಣಗುವುದಿಲ್ಲ. ಏನೂ ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳೇನೋ, ಹೇಳಿಬಿಟ್ಟರೆ ಏನು ಮಾಡುವುದು ಅಂತಲೇ ಕೇಳಲಿಲ್ಲ. ಮಾರನೆಯ ದಿನ ಪಾತ್ರೆ ತೊಳೆಯುವಾಗ ಸಿಂಕಿನ ಜಾಲರಿಯಲ್ಲಿ ಒಂದು ಕ್ಯಾರೆಟ್ಟಿನ ತುಂಡು, ಚೌಕ, ನಾಲ್ಕೂ ಅಂಚು ಸಮ, ಇಡೀ ಬೀದಿಯಲ್ಲಿ ಹಾಗೆ ಹೆಚ್ಚುವ ಕೈ ಒಂದೇ, ಬೆರಳಿನ ಮೇಲಿಟ್ಟುಕೊಂಡು ನೋಡಿದ, ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಮುಚ್ಚಿಟ್ಟು ಹೋದ ಸೂಪು, ಬಟ್ಟಲು ಖಾಲಿಯಾಗಿದೆ ಅಂತ ಎಷ್ಟು ಖುಷಿಪಟ್ಟಿದ್ದೆನಲ್ಲ, ಖಾಲಿಯಾದದ್ದು ಇಲ್ಲಿಗೆ. ಅವನದನ್ನು ಸಿಂಕು ಕುಡಿಯುತ್ತದೆ, ಗಡಿಯಾರದವನದನ್ನು ಅವಳು ತಿನ್ನುತ್ತಾಳೆ. ಹೊಟ್ಟೆಯಲ್ಲಿ ಏನೋ ಹೊತ್ತಿಕೊಂಡಿತು, ಒಗ್ಗರಣೆಗೆ ಇಟ್ಟ ಎಣ್ಣೆಗೆ ಬೆಂಕಿ ಹಾರುತ್ತದಲ್ಲ ಹಾಗೆ, ಆ ಬೆಂಕಿಗೆ ನೀರು ಹಾಕಬಾರದು, ಮುಚ್ಚಳ ಮುಚ್ಚಬೇಕು, ಮುಚ್ಚಿದ, ಈಗಲೂ ಮುಚ್ಚಿಯೇ ಇದೆ, ಒಳಗೆ ಆರಿಲ್ಲ.

ಮುಂದಿನ ನಿಲ್ದಾಣದಲ್ಲಿ ಜನ ಹತ್ತಿದರು, ಯಾರದೋ ಚೀಲ ಮೊಣಕಾಲಿಗೆ ತಾಗಿತು, ಡಬ್ಬಿಯನ್ನು ಎದೆಗೊತ್ತಿಕೊಂಡ. ಹೀಗೇ ಎದೆಗೊತ್ತಿಕೊಂಡು ಎಷ್ಟು ವರ್ಷ ತಂದಿದ್ದಾನೆ, ಇಪ್ಪತ್ತೊಂಬತ್ತು, ಮದುವೆಯಾದ ಹೊಸದರಲ್ಲಿ ಅವನು ಸಣ್ಣ ಹೋಟೆಲಿನಲ್ಲಿ ಅಡುಗೆಗೆ ಎರಡನೆಯ ಕೈ, ಆಮೇಲೆ ಆಸ್ಪತ್ರೆ, ಹೊಸದೇನು ಮಾಡಿದರೂ ಒಂದು ಸಣ್ಣ ಬಟ್ಟಲಿನಷ್ಟು ಅವಳಿಗೆ, ತಿನ್ನಲಿಕ್ಕಲ್ಲ, ಹೇಳಲಿಕ್ಕೆ, ಅವಳು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಎಡಗಣ್ಣು ಮುಚ್ಚುತ್ತಿದ್ದಳು, ಒಂದು ಕ್ಷಣ, ಆ ಒಂದು ಕ್ಷಣದಲ್ಲಿ ಅವನಿಗೆ ಉಸಿರು ನಿಲ್ಲುತ್ತಿತ್ತು, ಆಮೇಲೆ ತೀರ್ಪು, ಬೆಳ್ಳುಳ್ಳಿ ಮೊದಲೇ ಹಾಕಿಬಿಟ್ರಿ, ಕಹಿ ಬಂದಿದೆ, ಹುಳಿ ಇನ್ನೊಂದು ಚೂರು, ಬೇಳೆ ಬೆಂದಿದೆ ಆದರೆ ನೀರು ಬೇರೆ ನಿಂತಿದೆ ನೋಡಿ. ಹೊಗಳಿದ್ದೇ ಇಲ್ಲ ಪುಣ್ಯಾತ್ಗಿತ್ತಿ. ತಪ್ಪು ಸಿಗದೆ ಹೋದರೆ ಹೂಂ ಅನ್ನುತ್ತಿದ್ದಳು, ಆ ಹೂಂನಲ್ಲಿ ಮೂರು ಬಗೆ, ಗಿಡ್ಡದು, ಉದ್ದದು, ಮೂಗಿನಿಂದ ಬರುವುದು, ಮೂಗಿನ ಹೂಂ ವರ್ಷಕ್ಕೆ ಒಂದೋ ಎರಡೋ, ಅದು ಸಿಕ್ಕಿದ ದಿನ ಅವನು ಬೀದಿಯಲ್ಲಿ ಕೈ ಬೀಸಿಕೊಂಡು ನಡೆಯುತ್ತಿದ್ದ. ಅಂಥವಳು ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಚಮಚಕ್ಕೇ ಏನಂದಳು, ಚೆನ್ನಾಗಿದೆ. ಮರುದಿನವೂ ಚೆನ್ನಾಗಿದೆ. ಗಂಜಿಗೂ ಚೆನ್ನಾಗಿದೆ, ಮೊಟ್ಟೆಗೂ ಚೆನ್ನಾಗಿದೆ, ಬೇಯಿಸಿದ ಸೊಪ್ಪಿಗೂ ಚೆನ್ನಾಗಿದೆ, ಕಣ್ಣು ಮುಚ್ಚುವುದಿಲ್ಲ, ನೆಂಟರ ಮನೆಯಲ್ಲಿ ಎಲೆ ಮುಂದೆ ಕೂತವರು ಹೇಳುವ ಹಾಗೆ, ಹೇಳಿ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಾಳೆ. ಮೊನ್ನೆ ಪರೀಕ್ಷೆ ಮಾಡಿಯೇಬಿಟ್ಟ, ಬೇಕಂತಲೇ ಸೂಪಿಗೆ ಒಂದು ಹಿಡಿ ಉಪ್ಪು, ತಾನೇ ಬಾಯಿಗಿಟ್ಟುಕೊಂಡು ಉಗುಳಿದ, ಅವಳಿಗೆ ಕೊಟ್ಟ, ಎದುರಿಗೆ ಕೈಕಟ್ಟಿ ನಿಂತ, ಅವಳು ನುಂಗಿದಳು, ಅವನ ಮುಖ ನೋಡಿದಳು, ಚೆನ್ನಾಗಿದೆ ರೀ. ಆವಾಗಲೇ ಗೊತ್ತಾಗಿಹೋಯಿತು ಅವನಿಗೆ, ಮನಸ್ಸು ಇಲ್ಲಿಲ್ಲ, ಬಾಯಲ್ಲಿ ಏನಿದೆ ಅನ್ನುವುದೇ ತಿಳಿಯದಷ್ಟು ಮನಸ್ಸು ಬೇರೆ ಕಡೆ ಇದೆ, ಕೆಳಗೆ.

ಕೆಳಗಿನವನು ಅಂಥ ಚೆಂದವೇನೂ ಇಲ್ಲ. ಅರವತ್ತು ದಾಟಿದೆ, ಬೆನ್ನು ಬಾಗಿದೆ, ಬಲಗಣ್ಣಿಗೆ ಸದಾ ಒಂದು ಕರಿ ಕೊಳವೆಯ ಭೂತಗನ್ನಡಿ, ಹೆಂಡತಿ ತೀರಿಕೊಂಡು ಯಾವ ಕಾಲವಾಯಿತೋ, ಎಂಟು ವರ್ಷದಿಂದ ಒಂದೇ ಕಟ್ಟಡ, ಮೇಲೆ ಇವರು, ಕೆಳಗೆ ಆತ, ಅಂಗಡಿಯ ಹಿಂದೆ ಒಂದು ಕೋಣೆ, ಅದೇ ಮನೆ. ಮಾತಾಡಿದ್ದು ಕಮ್ಮಿ. ಒಮ್ಮೆ ಅವನ ಕೈಗಡಿಯಾರ ನಿಂತಾಗ ಬಿಚ್ಚಿ ನೋಡಿ, ಅಡುಗೆಯವರೇ, ಇದರೊಳಗೆ ಹಿಟ್ಟು ಹೋಗಿದೆ, ಅಂದಿದ್ದರು ಗಡಿಯಾರದವರು, ಆಗ ಅವನ ಬಾಯಲ್ಲೂ ಮನಸ್ಸಿನಲ್ಲೂ ಗಡಿಯಾರದವರೇ ಆಗಿದ್ದರು, ಮೊಸರಿನ ಗೆರೆ ಕಂಡ ಸಂಜೆಯಿಂದ ಗಡಿಯಾರದವನು. ಆ ಕೈಗಳು ಮಾತ್ರ, ಅದನ್ನು ಒಪ್ಪಬೇಕು, ಚಿಮಟದಲ್ಲಿ ಕಣ್ಣಿಗೆ ಕಾಣದ ಮೊಳೆ ಎತ್ತುವ ಕೈಗಳು, ನಡುಗುವುದಿಲ್ಲ, ಅವಸರವಿಲ್ಲ, ಅಂಥ ಕೈ ಚಮಚ ಎತ್ತಿ ಕೊಟ್ಟರೆ ಹೇಗಿರುತ್ತದೆ — ಥೂ, ಯಾಕೆ ಯೋಚಿಸುತ್ತೇನೆ ಇದನ್ನು, ತನ್ನ ಕೈ ನೋಡಿಕೊಂಡ, ಸುಟ್ಟ ಕಲೆ, ಕತ್ತಿಯ ಗೆರೆ, ಮೂವತ್ತು ಕಿಲೋ ಅಕ್ಕಿ ಎತ್ತುವ ಕೈ, ಅವಳ ತುಟಿಗೆ ಚಮಚ ಹಿಡಿಯುವಾಗ ಅವಸರಪಡುತ್ತದೆ, ಇನ್ನೊಂದು, ಇನ್ನೊಂದೇ ಒಂದು, ನುಂಗು, ಹೇಗಿದೆ, ಹೇಗಿದೆ ಹೇಳು. ಏನು ಮಾತಾಡ್ತೀಯ ಅವರ ಹತ್ರ ಇಷ್ಟು ಹೊತ್ತು, ಹೋದ ವಾರ ಕೇಳಿಯೇಬಿಟ್ಟಿದ್ದ, ದನಿ ಮಾಮೂಲಾಗಿರಲಿ ಅಂತ ಎಷ್ಟು ಪ್ರಯತ್ನಪಟ್ಟರೂ ಮಾತು ಬಿರುಸಾಯಿತು, ಅವಳು ಶಾಲನ್ನು ಎಳೆದುಕೊಂಡು ಏನೂ ಇಲ್ಲ ರೀ, ಸುಮ್ನೆ ಕೂತಿರ್ತೀವಿ ಅಂದಳು. ಏನಾದರೂ ಮಾತಾಡುತ್ತೇವೆ ಅಂದಿದ್ದರೆ ಆಗುತ್ತಿತ್ತು, ಬೆಲೆ ಏರಿದ್ದು, ನೀರು ಬಾರದ್ದು, ಯಾರದೋ ಮನೆಯ ಜಗಳ. ಸುಮ್ಮನೆ ಕೂತಿರುವುದು ಅಂದರೇನು. ತನ್ನ ಜೊತೆ ಅವಳು ಸುಮ್ಮನೆ ಕೂತದ್ದು ಯಾವಾಗ.

ಇಳಿಯುವ ನಿಲ್ದಾಣ ಬಂತು, ಇಳಿದ, ಔಷಧಿ ಅಂಗಡಿ, ಅದರ ಬಾಗಿಲಲ್ಲೇ ತೂಕದ ಯಂತ್ರ, ಅದನ್ನು ನೋಡಿದ ಕೂಡಲೇ ನೆನಪಾಯಿತು, ಹೋದ ಸೋಮವಾರ ಆಸ್ಪತ್ರೆಯಲ್ಲಿ ಅವಳನ್ನು ತೂಕದ ಮೇಲೆ ನಿಲ್ಲಿಸಿದರು, ನಲವತ್ನಾಲ್ಕೂವರೆ, ನರ್ಸಮ್ಮ ಎರಡು ಸಲ ನೋಡಿದರು, ಒಂದೂವರೆ ಕಿಲೋ ಬಂದಿದೆ, ರಕ್ತದ ವರದಿಯೂ ಹಾಗೇ, ಸೋಂಕಿನ ಜೊತೆ ಹೋರಾಡುವ ಬಿಳಿ ಕಣಗಳು ಇರಬೇಕಾದಷ್ಟರ ಹತ್ತಿರ ಬಂದಿವೆ, ಡಾಕ್ಟರು ಎದ್ದು ನಿಂತು ಅವನ ಬೆನ್ನು ತಟ್ಟಿದರು, ಇದು ನಮ್ಮ ಔಷಧಿ ಅಲ್ಲ, ನಿಮ್ಮ ಅಡುಗೆ. ಅವಳು ನೆಲ ನೋಡಿದಳು. ಅವನೂ ನೆಲ ನೋಡಿದ. ನಗಬೇಕಿತ್ತು, ಅಳಬೇಕಿತ್ತು ಸಂತೋಷಕ್ಕೆ, ಎರಡು ತಿಂಗಳು ಹರಕೆ ಹೊತ್ತವನ ಹಾಗೆ ಇದೇ ಮಾತಿಗೆ ಕಾದಿದ್ದನಲ್ಲ, ಬದಲಿಗೆ ಮನಸ್ಸು ಲೆಕ್ಕ ಹಾಕಲು ಕೂತಿತು, ಬೆಳಿಗ್ಗೆ ನಾಲ್ಕು ಚಮಚ, ಮಧ್ಯಾಹ್ನದ್ದು ಸಿಂಕಿಗೆ, ಸಂಜೆ ಮೂರು ಚಮಚ, ಇಷ್ಟರಲ್ಲಿ ಗುಬ್ಬಚ್ಚಿಯೂ ದಪ್ಪವಾಗುವುದಿಲ್ಲ, ಹಾಗಾದರೆ ಆ ಒಂದೂವರೆ ಕಿಲೋ ಯಾರದು? ಅವಳ ಕೆನ್ನೆಯ ಮೇಲೆ ಚೂರೇ ಚೂರು ಮೂಡಿದ ಆ ಮಾಂಸ, ಮಣಿಕಟ್ಟಿನಲ್ಲಿ ಬಳೆ ಈಗ ಸ್ವಲ್ಪ ತಡೆದು ನಿಲ್ಲುತ್ತಿರುವುದು, ಅದನ್ನೆಲ್ಲ ಹಾಕಿದವರು ಯಾರು? ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದಲ್ಲಿ ಕೂತ ಅವಳ ತೋಳು ತನ್ನ ತೋಳಿಗೆ ತಾಗುತ್ತಿತ್ತು, ಮೊದಲಿನ ಹಾಗೆ ಎಲುಬು ಚುಚ್ಚುತ್ತಿರಲಿಲ್ಲ, ಮೆತ್ತಗಿತ್ತು, ಆ ಮೆತ್ತಗಿನದು ಬೇರೆಯವನದು ಅನಿಸಿ ಅವನು ಕಿಟಕಿಯ ಕಡೆಗೆ ಸರಿದು ಕೂತ. ಸಂಜೆ ಮಗಳು ಫೋನ್ ಮಾಡಿದಳು, ಅಪ್ಪಾ, ಅಮ್ಮನ ದನಿಯೇ ಬದಲಾಗಿದೆ, ನೀನು ಏನು ಕೊಡ್ತಿದೀಯೋ ಅದನ್ನೇ ಕೊಡ್ತಾ ಇರು, ನಿಲ್ಲಿಸ್ಬೇಡ. ನಿಲ್ಲಿಸಲ್ಲ ಮಗಾ ಅಂದ. ಅವತ್ತೇ ನಿರ್ಧಾರ ಮಾಡಿದ್ದು, ಒಂದು ದಿನ ಬೇಗ ಬರಬೇಕು, ಹೇಳದೆ ಬರಬೇಕು, ಕಣ್ಣಾರೆ ನೋಡಬೇಕು, ನೋಡಿ ಈ ಡಬ್ಬಿಯನ್ನು ಅವರಿಬ್ಬರ ಮಧ್ಯೆ ಕುಕ್ಕಬೇಕು, ತಿನ್ನು, ಇಲ್ಲೇ ತಿನ್ನು, ಇವರ ಎದುರಿಗೇ ತಿಂದು ಹೇಳು ಯಾರದು ಚೆನ್ನಾಗಿದೆ ಅಂತ.

ಬೀದಿ ತಿರುಗಿದ, ಬಿಸಿಲು ಅಂಗಡಿಯ ಮುಂದೆ ನಿಜವಾಗಿಯೂ ಬಂದಿದೆ, ಬೆಂಚೂ ಇದೆ, ಬೆಂಚಿನ ಮೇಲೆ ಯಾರೂ ಇಲ್ಲ. ರೋಲಿಂಗ್ ಷಟರು ಸೊಂಟದವರೆಗೆ ಇಳಿದಿದೆ. ಕೆಳಗೆ ಅವಳ ಚಪ್ಪಲಿ, ಎಡಗಡೆಯದರ ಹಿಮ್ಮಡಿ ಸವೆದದ್ದು. ಬಾಗಿ ಷಟರಿಗೆ ಕೈ ಹಾಕಿದ, ಎತ್ತಲಿಲ್ಲ, ಒಳಗಿನಿಂದ ಅವಳ ದನಿ, ಇವತ್ತೂ ಸೂಪು ಸಿಂಕಿಗೆ ಸುರಿದು ಬಂದೆ, ಸುರಿಯೋಕೆ ಮನಸ್ಸೇ ಬರಲ್ಲ, ಅಷ್ಟು ಸಣ್ಣಗೆ ಹೆಚ್ಚಿರ್ತಾರೆ. ಗಡಿಯಾರದವನ ದನಿ, ಹೇಳಿಬಿಡಿ ಅವರಿಗೆ. ಏನಂತ ಹೇಳ್ಲಿ, ನಾಲಿಗೆ ಸತ್ತುಹೋಗಿದೆ ಅಂತಲಾ, ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ದಿನದಿಂದ ಏನು ಬಾಯಿಗಿಟ್ರೂ ಒದ್ದೆ ಕಾಗದ ಅಗಿದ ಹಾಗೆ, ಉಪ್ಪಿಲ್ಲ ಹುಳಿಯಿಲ್ಲ, ವಾಸನೆ ಅಂತೂ ಇಲ್ಲವೇ ಇಲ್ಲ, ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಕಾದೆ, ಅವರೋ, ಚಮಚ ಕೊಟ್ಟು ಮುಖ ನೋಡ್ತಾ ನಿಂತ್ಬಿಡ್ತಾರೆ, ಇಪ್ಪತ್ತೊಂಬತ್ತು ವರ್ಷ ನನ್ನ ನಾಲಿಗೆ ನಂಬ್ಕೊಂಡು ಅಡುಗೆ ಮಾಡಿದವ್ರು, ತಪ್ಪು ಹೇಳೋಕೆ ರುಚಿ ಗೊತ್ತಾಗ್ಬೇಕು, ಚೆನ್ನಾಗಿದೆ ಅನ್ನೋಕೆ ಏನೂ ಬೇಡ, ಅದನ್ನೇ ಹೇಳ್ತೀನಿ, ಆ ಸುಳ್ಳು ಹೇಳಿದ ಮೇಲೆ ಗಂಟಲಲ್ಲಿ ಒಂದಗುಳೂ ಇಳಿಯಲ್ಲ. ಇಲ್ಲಿ ನೀವು ಏನೂ ಕೇಳೋದಿಲ್ಲ, ನುಂಗ್ತೀನಿ. ಸುತ್ತ ಗಡಿಯಾರಗಳ ಸದ್ದು, ನೂರಾರು, ಒಂದಕ್ಕೊಂದು ಸೇರದ ಟಿಕ್ ಟಿಕ್. ನಂದು ಹೋಗಿ ಹತ್ತೊಂಬತ್ತು ವರ್ಷ ಆಯ್ತಮ್ಮ, ಗಡಿಯಾರದವನು ಹೇಳಿದ, ಜ್ವರ ಹೋಗುವಾಗ ರುಚಿ ವಾಸನೆ ಎರಡನ್ನೂ ಜೊತೇಲಿ ಕರ್ಕೊಂಡು ಹೋಯ್ತು, ಹಸಿವಾಗ್ಲಿ ಅಂತ ಕಾದಿದ್ರೆ ಎಂದೋ ಸತ್ತಿರ್ತಿದ್ದೆ, ನಾಲ್ಕು ಹೊಡೀತು, ಮೊಟ್ಟೆ, ನಾಲ್ಕೂವರೆ, ಮೊಸರು, ಅಷ್ಟೇ, ಗಡಿಯಾರಕ್ಕೆ ಕೀಲಿ ಕೊಡುವಾಗ ರುಚಿಯಾಗಿದೆಯಾ ಅಂತ ಅದು ಕೇಳುತ್ತಾ, ನಿಮ್ಮದಿನ್ನೂ ಎರಡು ತಿಂಗಳು, ವಾಪಸು ಬಂದರೂ ಬರಬಹುದು, ತಗೊಳ್ಳಿ, ಹೊತ್ತಾಯ್ತು.

ಷಟರಿನ ತಗಡು ಬಿಸಿಲಿಗೆ ಕಾದಿತ್ತು, ಕೈ ಅದರ ಮೇಲೆಯೇ ಇತ್ತು, ಸುಡುತ್ತಿರುವುದು ಆಮೇಲೆ ತಿಳಿಯಿತು. ಒಂದು ಹಿಡಿ ಉಪ್ಪು. ಅವಳು ನುಂಗಿ ತನ್ನ ಮುಖ ನೋಡಿದ್ದು, ಅದರಲ್ಲಿ ಹುಡುಕಿದ್ದು ಏನೆಂದು ಈಗ ತಿಳಿಯಿತು, ಏನು ಹೇಳಿದರೆ ಇವರಿಗೆ ಸಮಾಧಾನ ಅನ್ನುವುದನ್ನು ಹುಡುಕಿದ್ದು. ಅಯ್ಯೋ, ಅಂತ ಬಾಯಿ ಬಿಡಬೇಕು ಅನಿಸಿತು, ಅದಕ್ಕೂ ಮೊದಲೇ ಇನ್ನೊಂದು ಎದ್ದು ನಿಂತಿತು, ಮೊದಲಿನದಕ್ಕಿಂತ ಚೂಪಾದದ್ದು, ಹೇಳಿದಳಲ್ಲ, ಇವನಿಗೆ ಹೇಳಿದಳಲ್ಲ, ನಾಲಿಗೆ ಸತ್ತದ್ದನ್ನು ಮೊದಲು ಹೇಳಬೇಕಾದದ್ದು ಯಾರಿಗೆ, ಅದು ಅವಳೊಬ್ಬಳ ನಾಲಿಗೆಯೇ, ತನ್ನದೂ ಅಲ್ಲವೇ, ಇಷ್ಟು ದಿನ ಆ ಗುಟ್ಟನ್ನು ಇವರಿಬ್ಬರೇ ಹಂಚಿಕೊಂಡು ತಿಂದಿದ್ದಾರೆ, ಮೊಸರಿಗಿಂತ ಮೊಟ್ಟೆಗಿಂತ ಅದೇ ಹೆಚ್ಚು, ಮುಟ್ಟಿದ್ದರೆ, ಕೈ ಹಿಡಿದುಕೊಂಡಿದ್ದರೆ ಕೂಡ ಇಷ್ಟು ಉರಿಯುತ್ತಿರಲಿಲ್ಲವೇನೋ. ಮತ್ತು ಹತ್ತೊಂಬತ್ತು ವರ್ಷದಿಂದ ಈ ಮನುಷ್ಯ ಒಬ್ಬನೇ ಹಿಂದಿನ ಕೋಣೆಯಲ್ಲಿ ಕಾಗದ ಅಗಿದಿದ್ದಾನೆ, ಅದರಲ್ಲಿ ಎಂಟು ವರ್ಷ ತಾನು ಮೇಲೆ ಒಗ್ಗರಣೆ ಹಾಕಿ ಇಡೀ ಕಟ್ಟಡಕ್ಕೆ ವಾಸನೆ ಹಬ್ಬಿಸಿದ್ದಾನೆ, ಬೇಡ, ಅದನ್ನು ಯೋಚಿಸಬಾರದು, ಮರುಕ ಬಂದರೆ ಕೋಪ ಹೋಗುತ್ತದೆ, ಕೋಪ ಹೋದರೆ ಕೈಯಲ್ಲೇನು ಉಳಿಯುತ್ತದೆ. ಡಬ್ಬಿ ಉಳಿಯುತ್ತದೆ. ಷಟರು ಎತ್ತಿದ. ಅವಳು ಪಿಂಗಾಣಿ ತಟ್ಟೆಯನ್ನು ಗಬಕ್ಕನೆ ಶಾಲಿನ ಕೆಳಗೆ ಮುಚ್ಚಿಕೊಂಡಳು, ಅಡುಗೆಮನೆಯಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ, ರೀ, ಅಂದಳು. ಗಡಿಯಾರದವನು ಭೂತಗನ್ನಡಿ ತೆಗೆದು ಎದ್ದು ನಿಂತ, ಬನ್ನಿ ಅಡುಗೆಯವರೇ, ಕೂತ್ಕೊಳ್ಳಿ, ಗಿರಾಕಿಗಳು ಕೂರುವ ಸ್ಟೂಲನ್ನು ಬಟ್ಟೆಯಲ್ಲಿ ಒರೆಸಿದ.

ಕೂತ. ಮುಚ್ಕೊಳ್ಳೋದು ಯಾಕೆ, ತಿನ್ನು, ಅಂದ, ದನಿ ತನ್ನದಲ್ಲದ ಹಾಗೆ ಕೇಳಿಸಿತು, ಅವಳು ಶಾಲು ಸರಿಸಿದಳು, ತಟ್ಟೆಯಲ್ಲಿ ಎರಡು ಹೋಳು ಮಾಡಿದ ಬೇಯಿಸಿದ ಮೊಟ್ಟೆ, ದೇವರೇ, ಹಳದಿಯ ಸುತ್ತ ಹಸಿರು ಗೆರೆ, ಅರ್ಧ ಗಂಟೆ ಕುದಿಸಿದ್ದಾನೆ ಪಾಪಿ, ಇದನ್ನು ತಿಂದು ಒಂದೂವರೆ ಕಿಲೋ ಬಂದಿತೇ ಇವಳಿಗೆ. ಕೈ ಚಾಚಿ ಒಂದು ಹೋಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ, ಅಗಿದ, ಅಗಿಯುತ್ತಲೇ ಇದ್ದ, ಇಬ್ಬರೂ ಅವನನ್ನೇ ನೋಡುತ್ತಿದ್ದರು, ಕೊನೆಗೆ ಅವಳು ಕೇಳಿದಳು, ಇಷ್ಟು ಸಣ್ಣ ದನಿಯಲ್ಲಿ, ಹೇಗಿದೆ? ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಪ್ರಶ್ನೆ ಅವನದು, ಅವಳ ಬಾಯಿಂದ ಅದನ್ನು ಕೇಳಿದ್ದೇ ಇಲ್ಲ. ಕೇಳಿಸ್ಕೊಂಡ್ರಾ ನಾವು ಮಾತಾಡಿದ್ದು, ಅಂತಲೂ ಅದರೊಳಗಿತ್ತು. ಕೇಳಿಸ್ಕೊಂಡೆ, ಅಂತ ಅವನೂ ಹೇಳಲಿಲ್ಲ, ರಬ್ಬರು, ಅಂದ, ಬಿಳಿಯದು ಹಲ್ಲಿಗೆ ಸಿಕ್ಕಿ ಜಾರುತ್ತೆ, ಹಳದಿ ಪುಡಿ ಪುಡಿ, ನಾಲಿಗೆಗೆ ಅಂಟಿಕೊಳ್ಳುತ್ತೆ, ಸುಣ್ಣ ಬಳಿದ ಹಾಗೆ, ಹಿಂದೆ ಸ್ವಲ್ಪ ಗಂಧಕದ ವಾಸನೆ, ಉಪ್ಪು ಹಾಕೇ ಇಲ್ಲ. ಗಡಿಯಾರದವನು ನಗಲಿಕ್ಕೆ ನೋಡಿದ, ಉಪ್ಪು ಯಾಕೆ ಅಂತ ಬಿಟ್ಟೇಬಿಟ್ಟೆ. ಅವಳು ಇನ್ನೊಂದು ಹೋಳು ಎತ್ತಿ ಕಚ್ಚಿದಳು, ಕಣ್ಣು ಅವನ ಬಾಯಿಯ ಮೇಲೆ, ಸುಣ್ಣಾನಾ, ಅಂದಳು, ಹೂಂ, ಸುಣ್ಣ, ಅಂದ ಅವನು, ಅವಳ ತುಟಿಯ ಅಂಚು ಸ್ವಲ್ಪ ಎದ್ದಿತು, ನುಂಗಿದಳು.

ಡಬ್ಬಿ ತೆರೆದ. ಮೂರು ಲೋಟ ಬಂದವು, ಸಮಾ ಬಗ್ಗಿಸಿದ, ಸಮಾ ಬಗ್ಗಿಸುವಾಗಲೂ ಅವಳದಕ್ಕೆ ಚೂರು ಹೆಚ್ಚು, ಆತನದಕ್ಕೆ ಚೂರು ಕಮ್ಮಿ, ಕೈಗೆ ಅದರ ಪಾಡಿಗೆ ಅದು ಗೊತ್ತು, ಗಡಿಯಾರದವನು ಮೂರು ಚಮಚ ಕೊಟ್ಟ, ಅವಳು ತನ್ನದನ್ನು ಮುಳುಗಿಸಿ ಎತ್ತಿ ಕಾದಳು, ಅವನೂ ಬಾಯಿಗಿಟ್ಟುಕೊಂಡ, ಮತ್ತು ಗೊತ್ತಿಲ್ಲದೆಯೇ ಅವನ ಎಡಗಣ್ಣು ಮುಚ್ಚಿತು. ಉಪ್ಪು ಕಮ್ಮಿ, ಅಂದ, ಇವತ್ತು ಮನಸ್ಸು ಸರಿ ಇರ್ಲಿಲ್ಲ, ಮೆಣಸೂ ಮುಂದೆ ಬಂದಿದೆ. ಹಾಗಲ್ಲ, ಮೊದಲಿಂದ ಹೇಳಿ, ಅಂದಳು ಅವಳು, ಒಂದೊಂದಾಗಿ ಹೇಳಿ. ಅವನು ಅವಳ ಕಡೆಗೆ ಬಾಗಿದ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು, ದನಿ ಇಳಿಸಿದ, ಇದು ತಮ್ಮಿಬ್ಬರದು, ಇದರಲ್ಲಿ ಆ ಮನುಷ್ಯನಿಗೆ ಪಾಲಿಲ್ಲ, ಬೇಳೆ ಮೊದಲು ಗೊತ್ತಾಗುತ್ತೆ, ಮೆತ್ತಗೆ, ಏನೂ ಮಾತಾಡಲ್ಲ ಅದು, ಆಮೇಲೆ ಕ್ಯಾರೆಟ್ಟಿನ ಸಿಹಿ, ನಾಲಿಗೆಯ ಪಕ್ಕದಲ್ಲಿ, ಬಂದು ಹೋಗುತ್ತೆ, ಅವಳು ಒಂದು ಚಮಚ ನುಂಗಿದಳು, ಇನ್ನೊಂದು, ಐದನೆಯದು, ಆರನೆಯದು, ಎಣಿಸುತ್ತಿದ್ದ, ಎಣಿಸುತ್ತಲೇ ಇನ್ನೂ ದನಿ ಇಳಿಸಿದ, ಬೆಳ್ಳುಳ್ಳಿ ಹುರಿದದ್ದಲ್ಲ ಬೇಯಿಸಿದ್ದು, ಅದಕ್ಕೇ ಘಾಟಿಲ್ಲ, ಬೆಣ್ಣೆಯ ಹಾಗೆ, ಮತ್ತು ಆಗ ಯಾಕೋ ತಲೆ ಎತ್ತಿ ಕೌಂಟರಿನಾಚೆ ನೋಡಿದ. ಗಡಿಯಾರದವರು ಕಣ್ಣು ಮುಚ್ಚಿ ಕತ್ತನ್ನು ಇವರ ಕಡೆಗೆ ಚಾಚಿ ಕೂತಿದ್ದರು, ಕೇಳಿಸದವರು ಚಾಚುವ ಹಾಗೆ, ಚಮಚ ಲೋಟದಿಂದ ಎದ್ದು ತುಟಿಗೆ ಹೋಗದೆ ಅರ್ಧ ದಾರಿಯಲ್ಲಿ ನಿಂತಿತ್ತು, ಎಂದೂ ನಡುಗದ ಆ ಕೈ ಸ್ವಲ್ಪ ನಡುಗುತ್ತಿತ್ತು. ಹತ್ತೊಂಬತ್ತು ವರ್ಷ. ಕೊಡಬಾರದು, ಅನ್ನಿಸಿತು, ಇನ್ನೂ ಅನ್ನಿಸುತ್ತಿದೆ, ಇವಳ ಗುಟ್ಟು ತಿಂದವರು, ಇವಳ ಕೆನ್ನೆಯ ಮೇಲೆ ಮಾಂಸ ಹಾಕಿದವರು, ಕೊಡಬಾರದು, ರೀ, ಆಮೇಲೆ ಏನು, ಅಂದಳು ಅವಳು, ಅವನು ಗಂಟಲು ಸರಿಮಾಡಿಕೊಂಡ, ಬೆಳ್ಳುಳ್ಳಿ ಆದ ಮೇಲೆ, ಅಂದ, ಸ್ವಲ್ಪ ಜೋರಾಗಿ, ಕೌಂಟರಿನಾಚೆಗೂ ಹೋಗುವಷ್ಟು, ಆದ ಮೇಲೆ ಮೆಣಸು, ಅದು ಬಾಯಲ್ಲಿ ಇರಲ್ಲ, ನುಂಗಿದ ಮೇಲೆ ಎದೆಯ ಹತ್ತಿರ ಬೆಚ್ಚಗೆ — ಚಮಚ ಕದಲಲಿಲ್ಲ, ಅದರ ತಳದಲ್ಲಿ ಒಂದು ಹನಿ ಸೇರಿಕೊಳ್ಳುತ್ತಿದೆ, ದಪ್ಪಗಾಗುತ್ತಿದೆ. 

ಬೆಚ್ಚಗೆ, ಇನ್ನೊಮ್ಮೆ ಅಂದ ಅವನು, ಈ ಸಲ ಗಡಿಯಾರದವರ ಕಡೆಗೇ ತಿರುಗಿ, ನುಂಗಿ ನೋಡಿ.